ಜ್ವರದವರ ಅನ್ನ

ಲಿಂಗಸುಗೂರಿನ ದವಾಖಾನೆಗೆ ನರ್ಸ್ ಆಗಿ ಬಂದ ಮೊದಲ ದಿನ ಅಡುಗೆಯ ಗಂಗವ್ವನನ್ನು, ಅನ್ನ ಇದೆಯೇ ಎಂದು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಯಾರಿಗೆ ಜ್ವರ ಬಂದಾವ್ರಿ ಬಾಯಾರ?"

ನನಗೆ ಸಿಟ್ಟೇ ಬಂತು. ಹಸಿದವಳು ಅನ್ನ ಕೇಳಿದರೆ ಇದೆಂಥ ಮಾತು? ಆಮೇಲೆ ತಿಳಿಯಿತು. ಇಲ್ಲಿ ಅನ್ನ ಬೇಯುವುದು ಹಬ್ಬಕ್ಕೆ, ಇಲ್ಲವೇ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ. ಗಟ್ಟಿಮುಟ್ಟಾದವರು ಜೋಳದ ರೊಟ್ಟಿ ತಿನ್ನುತ್ತಾರೆ. ಹಬ್ಬವಿಲ್ಲದ ದಿನ ಒಂದು ಮನೆಯಿಂದ ಅನ್ನದ ವಾಸನೆ ಬಂದರೆ ನೆರೆಯವರು ಹಣಿಕಿ ನೋಡಿ, ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಾರೆ. ನಮ್ಮ ಅಂಕೋಲೆಯಲ್ಲಿ ಬೆಳಗಿನ ಗಂಜಿಯಿಂದ ರಾತ್ರಿಯ ಊಟದವರೆಗೆ ಅಕ್ಕಿಯೇ. ಈ ಲೆಕ್ಕದಲ್ಲಿ ನಾವೆಲ್ಲ ಹುಟ್ಟಾ ರೋಗಿಗಳು. ಅವ್ವ ಊರಿನಿಂದ ಕುಚ್ಚಲಕ್ಕಿಯ ಚೀಲ ಕಳಿಸಿದಾಗಲೆಲ್ಲ ಗಂಗವ್ವ ನನ್ನನ್ನು ಕನಿಕರದಿಂದ ನೋಡುತ್ತಿದ್ದಳು.

ದವಾಖಾನೆ ನಡೆಸುತ್ತಿದ್ದವರು ಇಟಲಿಯಿಂದ ಬಂದ ವಯಸ್ಸಾದ ಕ್ರೈಸ್ತ ಸಿಸ್ಟರ್. ಊರಿಗೆಲ್ಲ ದೊಡ್ಡಮ್ಮ. ಮೂವತ್ತು ವರ್ಷ ಇಲ್ಲೇ ಇದ್ದು ಗಂಗವ್ವನ ಹಾಗೆಯೇ ಮಾತಾಡುತ್ತಿದ್ದರು. ಸಿಂಧನೂರಿನ ಕಡೆ ಹೊಸ ಕಾಲುವೆಯ ನೀರು ಹರಿದ ಎರಡನೆಯ ವರ್ಷ, ಆ ಹಳ್ಳಿಗಳನ್ನು ಸುತ್ತಿಬಂದ ದೊಡ್ಡಮ್ಮ ಚಳಿಜ್ವರದಿಂದ ಮಲಗಿದರು. ಕ್ವಿನೈನ್ ಗುಳಿಗೆಗೆ ಜ್ವರ ಇಳಿಯಿತು, ಆದರೆ ಊಟ ಸೇರಲಿಲ್ಲ. ಎಂಟು ದಿನ ಬರೀ ನೀರು. ರಾಯಚೂರಿನಿಂದ ಬಂದ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ನಾಲ್ಕೈದು ದಿನದಲ್ಲಿ ಹೊಟ್ಟೆಗೆ ಏನಾದರೂ ಬೀಳದಿದ್ದರೆ ಇವರು ಉಳಿಯುವುದಿಲ್ಲ ಎಂದರು.

ಏನು ಮಾಡಿಕೊಡಲಿ ಎಂದು ದೊಡ್ಡಮ್ಮನನ್ನು ಕೇಳಿದೆ. "ರಿಸೊತ್ತೊ" ಎಂದರು. ಅವರ ಸೀಮೆಯ ಅನ್ನ ಅದು. ಅಕ್ಕಿಯನ್ನು ಬೆಣ್ಣೆಯಲ್ಲಿ ಹುರಿದು, ಕುದಿಯುವ ಸಾರನ್ನು ಸೌಟು ಸೌಟಾಗಿ ಎರೆಯುತ್ತ, ಕೈ ಬಿಡದೆ ತಿರುವಬೇಕು. ಇಟಲಿಯಲ್ಲೂ ಭತ್ತದ ಗದ್ದೆಗಳಿವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆದರೂ ಅಕ್ಕಿಯ ವಿಷಯ ನನಗೆ ಯಾರು ಹೇಳಿಕೊಡಬೇಕು ಎಂಬ ಜಂಬ. ಅವ್ವನ ಕುಚ್ಚಲಕ್ಕಿಯನ್ನೇ ಹುರಿದೆ. ಎಷ್ಟು ತಿರುವಿದರೂ ಕಾಳು ಕಾಳಾಗಿಯೇ ಉಳಿಯಿತು.

"ಒಮ್ಮೆ ಬೆಂದ ಅಕ್ಕಿ ಐತಿದು. ಇನ್ನ ಹಾಲ ಬಿಡಂಗಿಲ್ಲ ತಂಗಿ" ಎಂದು ದೊಡ್ಡಮ್ಮ ಮುಖ ತಿರುಗಿಸಿದರು.

ಮರುದಿನ ಮಸ್ಕಿಗೆ ಹೋದೆ. ಅಂಗಡಿಯ ಸಾಹುಕಾರರು ಸಣ್ಣಕ್ಕಿಯನ್ನು ಅಂಗೈಗೆ ಸುರಿದರು. "ಎರಡು ವರ್ಷದ ಹಳೇದ್ರಿ. ಅಗಳಿಗೆ ಅಗಳ ಹತ್ತಿದ್ರ ನನ್ನ ಕೇಳ್ರಿ." ಹಳೆಯ ಅಕ್ಕಿಗಿಂತ ಒಳ್ಳೆಯದುಂಟೇ? ಮನೆಗೆ ತಂದು ಮೂರು ನೀರಿನಲ್ಲಿ ತೊಳೆದು, ತಿಳಿಯಾದ ಮೇಲೆ ಹುರಿದೆ. ಮಲ್ಲಿಗೆ ಮೊಗ್ಗಿನಂಥ ಉದುರು ಅನ್ನವಾಯಿತು. ದೊಡ್ಡಮ್ಮ ಒಂದು ಚಮಚ ಬಾಯಿಗಿಟ್ಟು ಉಗುಳಿದರು. ಅವತ್ತು ನಾನು ಅತ್ತುಬಿಟ್ಟೆ.

ಅವರು ನನ್ನ ಕೈ ಹಿಡಿದುಕೊಂಡರು. ದನಿ ತೀರ ಸಣ್ಣಗಾಗಿತ್ತು. "ತೊಳೀಬ್ಯಾಡ. ನೀ ಚೆಲ್ಲಿದ ಆ ಬಿಳೇ ನೀರೇ ಅದರ ಜೀವ. ಗಿಡ್ಡಂದು, ದಪ್ಪಂದು ನೋಡು. ಬೆಳಕಿಗೆ ಹಿಡಿದ್ರ ಕಾಳಿನ ಹೊಟ್ಟ್ಯಾಗ ಬಿಳೇ ಚುಕ್ಕಿ ಕಾಣಬೇಕು."

ಅಂಥ ಅಕ್ಕಿ ಸಿಕ್ಕಿದ್ದು ಸಿಂಧನೂರಿನ ಸಂತೆಯಲ್ಲಿ. ತುರ್ವಿಹಾಳದ ಹೆಂಗಸೊಬ್ಬಳು ಒಂದು ಮೂಲೆಯಲ್ಲಿ ಚೀಲ ಬಿಚ್ಚಿಕೊಂಡು ಕೂತಿದ್ದಳು. ಉರಿಬಿಸಿಲಿನಲ್ಲಿ ಅವಳ ಮೈಮೇಲೆ ಕಂಬಳಿ.

"ಕಾಲುವಿ ನೀರಿನ ಹೊಸ ಅಕ್ಕಿರಿ. ಮುದ್ದಿ ಆಕ್ಕತಿ ಅಂತ ಎಲ್ಲಾರೂ ಒಲ್ಲೆ ಅಂತಾರ."

ಒಂದು ಕಾಳನ್ನು ಬಿಸಿಲಿಗೆ ಹಿಡಿದೆ. ಬಿಳಿ ಚುಕ್ಕೆ ಇತ್ತು. ಹೋದ ಜೀವ ಬಂದಂತಾಗಿ, ಇದು ದೊಡ್ಡಮ್ಮನಿಗೆ ಎಂದೆ. "ಇಷ್ಟು ಬಿಸಿಲಲ್ಲಿ ಕಂಬಳಿ ಯಾಕವ್ವ?" ಎಂದೂ ಕೇಳಿದೆ.

"ಥಂಡಿ ಹತ್ತೈತ್ರಿ" ಎಂದಳು. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಬಸ್ಸು ಹೊರಡುವುದರಲ್ಲಿತ್ತು. ನಾನು ಅಕ್ಕಿ ಕಟ್ಟಿಸಿಕೊಂಡು ಓಡಿದೆ.

ಆ ಅಕ್ಕಿಯನ್ನು ತೊಳೆಯದೆ ಹುರಿದೆ. ತಿರುವಿದಂತೆಲ್ಲ ಹಾಲು ಬಿಟ್ಟು ಪಾಯಸದ ಹದಕ್ಕೆ ಬಂತು. ದೊಡ್ಡಮ್ಮ ಒಂದು ಚಮಚ ತಿಂದರು, ಇನ್ನೊಂದು ತಿಂದರು, ಅರ್ಧ ತಟ್ಟೆ ಖಾಲಿಯಾಯಿತು. ಗಂಗವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ದೊಡ್ಡಮ್ಮ, "ಎಲ್ಲೀದು ಇದು?" ಎಂದರು. ಹೇಳಿದೆ. ಚಮಚ ಕೆಳಗಿಟ್ಟರು.

"ನಮ್ಮೂರಾಗ ಸುತ್ತಾಕಡೆ ನೀರು ನಿಂದರಿಸಿ ಇಂಥದ್ದನ್ನೇ ಬೆಳೀತಿದ್ರು. ನಮ್ಮವ್ವ ಮೊಣಕಾಲುಮಟ ನೀರಾಗ ನಿಂತು ಕಳೆ ಕೀಳಾಕ ಹೋಗ್ತಿದ್ಲು. ಚಳಿಜ್ವರಕ್ಕ ಮನಿಗೊಂದು ಹಾಸಿಗಿ ಬಿದ್ದಿದ್ವು. ಅಕಿನೂ ಅದೇ ಜ್ವರದಾಗ ಹೋದ್ಲು. ಇದನ್ನ ಮಾರಿದಾಕಿ ಹೆಂಗಿದ್ಲು?"

ಕಂಬಳಿ, ನಡುಗುವ ಹಲ್ಲು, ಎಲ್ಲ ಕಣ್ಣಾರೆ ಕಂಡಿದ್ದೆ. ನರ್ಸ್ ನಾನು, ಅವಳ ಕೈ ಹಿಡಿದು ನಾಡಿ ಸಹ ನೋಡಿರಲಿಲ್ಲ. ಅಂಥ ನಾಚಿಕೆ ನನಗೆ ಈವರೆಗೆ ಮತ್ತೆ ಆಗಿಲ್ಲ.

ಮರುದಿನ ಇದ್ದ ಗುಳಿಗೆಗಳನ್ನೆಲ್ಲ ಕಟ್ಟಿಕೊಂಡು ಗಂಗವ್ವನ ಜೊತೆ ತುರ್ವಿಹಾಳಕ್ಕೆ ಹೋದೆ. ಊರು ಎಂದೂ ಕಾಣದಷ್ಟು ಹಸಿರಾಗಿತ್ತು. ಓಣಿಯೊಳಗೆ ಕಾಲಿಡುತ್ತಲೇ ಬಿಸಿ ಅನ್ನದ ಘಮ. ನಮ್ಮೂರೇ ನೆನಪಾಗಿ ನನಗೆ ಖುಷಿಯಾಯಿತು. ಹಿಂದೆ ಗಂಗವ್ವ ನಿಂತೇಬಿಟ್ಟಳು.

"ಇವತ್ತು ಯಾ ಹಬ್ಬನೂ ಇಲ್ಲರಿ ಬಾಯಾರ."

ಮನೆ ಮನೆಯ ಒಲೆಯ ಮೇಲೂ ಅನ್ನ ಕುದಿಯುತ್ತಿತ್ತು. ಎಲ್ಲಿಯೂ ರೊಟ್ಟಿ ಬಡಿಯುವ ಸದ್ದಿಲ್ಲ. ಕಂಬಳಿಯ ಹೆಂಗಸು ನೆಲದ ಮೇಲೆ ಮಲಗಿದ್ದಳು. ಗುಳಿಗೆ ನುಂಗಿಸಿದಾಗ ಕಣ್ಣು ತೆರೆದು, "ದೊಡ್ಡಮ್ಮಾರು ಉಂಡ್ರೇನ್ರಿ?" ಎಂದು ಕೇಳಿದಳು. ತಂದ ಗುಳಿಗೆ ಆ ಓಣಿ ಮುಗಿಯುವ ಮೊದಲೇ ತೀರಿದವು. ಇನ್ನೂ ನಾಲ್ಕು ಓಣಿ ಉಳಿದಿದ್ದವು.

ದೊಡ್ಡಮ್ಮ ಚೇತರಿಸಿಕೊಂಡರು. ಆ ವರ್ಷ ಅಂಕೋಲೆಗೆ ಬರುವುದಾಗಿ ಅವ್ವನಿಗೆ ಬರೆದಿದ್ದೆ, ಆ ಓಣಿಗಳನ್ನು ಬಿಟ್ಟು ಬರಲಾಗಲಿಲ್ಲ. ಮರುವರ್ಷ ಬಂದೆ. ಅಂಗಳದಲ್ಲಿ ಕಾಲಿಗೆ ನೀರು ಹಾಕಿಕೊಳ್ಳುವಾಗಲೇ ಒಳಗಿನಿಂದ ಅನ್ನದ ಘಮ ಬಂತು. ಅವ್ವ ನಗುತ್ತ ಹೊರಗೆ ಬಂದಳು. ಅವಳನ್ನು ಚೆನ್ನಾಗಿದ್ದೀಯಾ ಎಂದು ಕೇಳುವ ಮೊದಲೇ ನನ್ನ ಬಾಯಿಂದ ಬಂದ ಮಾತು, "ಯಾರಿಗೆ ಜ್ವರ?"