ಮುತ್ಯಾಲಮ್ಮನ ಶನಿವಾರಗಳು

ಪಾತ್ರೆಯನ್ನು ಒಲೆಯಿಂದ ನೆಲಕ್ಕಿಳಿಸಿ, ಅದರ ಕೊರಳಿಗೆ ಕವೆಕೋಲು ಕೊಟ್ಟು, ಕೋಲಿನ ತುದಿಗಳನ್ನು ಪಾದಗಳಿಂದ ಒತ್ತಿ ಹಿಡಿದು ಮುತ್ಯಾಲಮ್ಮ ಹಿಟ್ಟು ತಿರುವುತ್ತಿದ್ದಾರೆ. ಗಂಟು ಉಳಿಯಬಾರದು, ಉಳಿದರೆ ಗಣಿಗೆ ಇಳಿಯುವ ಗಂಡಸರು ಇಡೀ ದಿನ ಅದನ್ನೇ ಆಡಿಕೊಳ್ಳುತ್ತಾರೆ. ಸಂಕ್ರಾಂತಿ ಕಳೆದು ವಾರವಾಗಿದೆ. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಲೈನ್ ಮನೆಗಳ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ತಗಡಿನ ಚಪ್ಪರದ ಕೆಳಗೆ ಹೊಗೆ, ಅವರೆಕಾಳು ಸಾರಿನ ವಾಸನೆ, ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತ ಒಂದು ಸಾಲು ಜನ.

"ಯಾಕಕ್ಕಾ, ಇವತ್ತು ಮುದ್ದೆ ಸಣ್ಣಗೈತೆ?" ಎಂದು ಸಾಲಿನಿಂದ ಒಬ್ಬ ಕೇಳುತ್ತಾನೆ.

"ಮುದ್ದೆ ಅಂಗೇ ಐತೆ, ನಿನ್ ಒಟ್ಟೆ ದೊಡ್ಡದಾಗೈತೆ ಕಣ್ಲಾ. ಉಣ್ಣು, ಸಾಲ್ದಿದ್ರೆ ಕೇಳು."

ಬೆಳಿಗ್ಗೆ ಎರಡು ಪಂಕ್ತಿ, ಸಂಜೆ ಪಾಳಿ ಮುಗಿದವರಿಗೆ ಇನ್ನೊಂದು. ಊಟಕ್ಕೆ ಆರಾಣೆ, ಹೊಸ ಪೈಸೆ ಬಂದು ಎಷ್ಟೋ ವರ್ಷವಾದರೂ ಈ ಚಪ್ಪರದಲ್ಲಿ ಆಣೆಯೇ ನಡೆಯುತ್ತದೆ. ರಾಗಿ, ಸೊಪ್ಪು ಕ್ಯಾಸಂಬಳ್ಳಿಯಿಂದ ಬರುತ್ತವೆ. ಉಣ್ಣುವವರು ಹೆಚ್ಚಾಗಿ ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲೇ ಬಿಟ್ಟು ಬಂದ ಕೂಲಿಗಳು. ತಮಿಳಲ್ಲಿ ಕೇಳಿದವರಿಗೆ ಮುತ್ಯಾಲಮ್ಮ ತಮಿಳಲ್ಲಿ ಬಡಿಸುತ್ತಾರೆ, ತೆಲುಗಿನವರಿಗೆ ತೆಲುಗಲ್ಲಿ. ಬೈಯುವುದು ಮಾತ್ರ ಕನ್ನಡದಲ್ಲಿ.

ಗಂಡ ಶ್ರೀರಾಮಪ್ಪನವರದು ಗಣಿಯ ಆಳದಲ್ಲಿ ಬಂಡೆ ಕುಸಿಯದ ಹಾಗೆ ಮರದ ಆಸರೆ ನಿಲ್ಲಿಸುವ ಕೆಲಸ. ಯುಗಾದಿ ಕಳೆದರೆ ಅವರಿಗೆ ನಿವೃತ್ತಿ. ಲೈನ್ ಮನೆ ಗಣಿಯದು; ಕೆಲಸ ಬಿಟ್ಟವರು ಮನೆಯನ್ನೂ ಬಿಡಬೇಕು. ಮನೆಯ ಜೊತೆಗೆ ಮುತ್ಯಾಲಮ್ಮನ ಈ ಚಪ್ಪರವೂ ಹೋಗುತ್ತದೆ. ಇದ್ದೊಬ್ಬ ಮಗಳನ್ನು ಮಾಲೂರಿಗೆ ಕೊಟ್ಟಾಗಿದೆ. ಇನ್ನು ಉಳಿದವರು ಇವರಿಬ್ಬರು, ಮತ್ತು ಬರಲಿರುವ ಫಂಡಿನ ದುಡ್ಡು.

ಪತ್ರಿಕೆಗೆ ಬರೆಯಲೆಂದು ಬಂದ ನಾನು ಐವತ್ತನೇ ಇಸವಿಯ ಆಸುಪಾಸಿನ ದಿನಗಳ ಮಾತು ತೆಗೆದರೆ ಮುತ್ಯಾಲಮ್ಮನ ಕೈ ತಾನಾಗಿ ನಿಧಾನವಾಗುತ್ತದೆ.

"ಆವಾಗ ಸನಿವಾರ ಬಂತು ಅಂದ್ರೆ ಇವ್ರು ಮೈ ಉಜ್ಕೊಂಡು, ತಲೆಗೆ ಎಣ್ಣೆ ಆಕ್ಕೊಂಡು ನಿಂತ್ಬುಡೋರು ಅಕ್ಕಾ. ಸಂಜೆ ರೈಲಿಗೆ ಬಂಗಾರಪೇಟೆ. ಸ್ಟೇಸನ್ ಎದುರ್ಗೇ ಓಟ್ಲು. ನಾನು ಕೂತ್ಕಳಾದು, ಬ್ಯಾರೆಯೋರು ತಂದಿಕ್ಕೋದು. ದೋಸೆ ನಾನ್ ಉಯ್ದಿಲ್ಲ, ಚಟ್ನಿ ನಾನ್ ರುಬ್ಬಿಲ್ಲ. ಅದೇನ್ ರುಚಿ ಅಂತೀರಾ."

ಹೋಟೆಲಾದ ಮೇಲೆ ಟೆಂಟಿನಲ್ಲಿ, ಮರಳಿನ ಮೇಲೆ ಕೂತು ಸಿನಿಮಾ. ಕೊನೆಯ ರೈಲಿನಲ್ಲಿ ವಾಪಸು. ದಾರಿಯುದ್ದಕ್ಕೂ ಶ್ರೀರಾಮಪ್ಪನವರು ಅದೇ ಸಿನಿಮಾದ ಪದಗಳನ್ನು ಹಾಡುತ್ತಿದ್ದರಂತೆ. "ಡಬ್ಬೀನಾಗಿದ್ದೋರೆಲ್ಲ ಇಳ್ದು ಮುಂದಿನ್ ಡಬ್ಬಿಗೆ ಓಗೋರು," ಎಂದು ಮುತ್ಯಾಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಎಂಟು ವರ್ಷದ ಹಿಂದೆ ಒಂದು ಶುಕ್ರವಾರ ಮಧ್ಯಾಹ್ನ ಆಳದಲ್ಲಿ ಬಂಡೆ ಸಿಡಿಯಿತು. ಮೇಲೆ ಲೈನ್ ಮನೆಗಳ ತಗಡು ನಡುಗಿ, ಗೂಡಿನಲ್ಲಿದ್ದ ಪಾತ್ರೆಗಳು ಉರುಳಿದವು. ಹೆಂಗಸರೆಲ್ಲ ಬೀದಿಗೆ ಬಂದು ಶಾಫ್ಟಿನ ಕಡೆ ನೋಡುತ್ತ ನಿಂತರು. ಶ್ರೀರಾಮಪ್ಪ ಮೇಲೆ ಬಂದರು. ಅವರ ಪಕ್ಕದಲ್ಲೇ ಮರ ಹಿಡಿದಿದ್ದ ಮುನಿಶಾಮಿ ಬರಲಿಲ್ಲ. ಸ್ವಲ್ಪ ದಿನಕ್ಕೆ ಮುನಿಶಾಮಿಯ ಹೆಂಡತಿ ಲೈನ್ ಮನೆ ಖಾಲಿ ಮಾಡಿ, ತಂಗಿಯ ಮನೆಯ ಜಗಲಿಗೆ ಗಂಟು ಹೊತ್ತು ಹೋದಳು. ಗಂಡಹೆಂಡತಿ ಇಬ್ಬರೂ ನೋಡಿದ್ದು ಇದನ್ನೇ. ಆದರೆ ಒಬ್ಬರ ಮನಸ್ಸಿಗೆ ಬಂದದ್ದು ಇನ್ನೊಬ್ಬರ ಮನಸ್ಸಿಗೆ ಬರಲಿಲ್ಲ.

"ನಾನಿಲ್ದಿದ್ರೂ ಇವ್ಳಿಗೆ ಅಂತ ಒಂದು ಬಾಗ್ಲು, ಒಂದು ಬೀಗ ಇರ್ಬೇಕು ಅನ್ನಿಸ್ತು. ಅಷ್ಟೇಯ," ಎನ್ನುತ್ತಾರೆ ಶ್ರೀರಾಮಪ್ಪ. ಆ ತಿಂಗಳೇ ಶನಿವಾರಗಳು ನಿಂತವು. ಹೋಟೆಲ್ಲಿನ ಕಾಸು ಪೋಸ್ಟಾಫೀಸಿಗೆ ಹೋಯಿತು. ಹುಟ್ಟೂರು ಬೂದಿಕೋಟೆಯಲ್ಲಿ ನಿವೇಶನ ಕೊಂಡದ್ದು ಹೀಗೆ.

ಮುತ್ಯಾಲಮ್ಮನ ಮಾತೇ ಬೇರೆ. "ಮುನಿಶಾಮಿ ಸನಿವಾರಕ್ಕೆ ಅಂತ ಅಂಗಿ ಇಸ್ತ್ರಿ ಮಾಡ್ಸಿಟ್ಟಿದ್ದ. ಸಾವಿನ ಮನೇಗ್ ಓದ್ರೆ ಅದು ಗೂಟದಾಗೆ ನೇತಾಡ್ತಾ ಐತೆ. ಇವ್ರು ಆ ಎಂಗ್ಸಿನ ಗಂಟು ನೋಡಿದ್ರು, ನಾನ್ ಆ ಅಂಗಿ ನೋಡ್ದೆ."

ಇವರಲ್ಲಿ ಯಾರದು ತಪ್ಪು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಬೂದಿಕೋಟೆಯಿಂದ ಶ್ರೀರಾಮಪ್ಪನವರ ತಮ್ಮ ಮುನಿನಾರಾಯಣಪ್ಪ ದಸರೆಯಲ್ಲೇ ಕಾಗದ ಬರೆದಿದ್ದಾನೆ. ಫಂಡಿನ ದುಡ್ಡೆಲ್ಲ ಹಾಕಿದರೆ ಮೂರಂಕಣದ ಮನೆ ಏಳುತ್ತದೆ, ಇಟ್ಟಿಗೆಗೆ ಹೇಳಲೇ ಎಂದು ಕೇಳಿದ್ದಾನೆ. ಉತ್ತರಕ್ಕೆಂದು ತಂದ ಕಾರ್ಡು ಖಾಲಿಯಾಗಿಯೇ ಗೋಡೆಯ ತಂತಿಯಲ್ಲಿದೆ. ತಡೆದವರು ಮುತ್ಯಾಲಮ್ಮ. ದುಡ್ಡೆಲ್ಲ ಗೋಡೆಗೆ ಹೋದರೆ ಮತ್ತೆ ಶನಿವಾರವೆಂಬುದು ಬರುವುದಿಲ್ಲ ಎಂಬುದು ಅವರ ಭಯ.

"ಮನೆ ಒಂದಾಗ್ಲಿ ತಡಿ, ಆಮ್ಯಾಕೆ ಎಲ್ಲಿಗ್ ಬೇಕಾದ್ರೂ ಕರ್ಕೊಂಡೋಯ್ತೀನಿ," ಎನ್ನುತ್ತಾರೆ ಶ್ರೀರಾಮಪ್ಪ, ಇಂದು ಎರಡನೇ ಪಾಳಿಯಾದ್ದರಿಂದ ಚಪ್ಪರದಲ್ಲೇ ಕೂತು ಅವರೆಕಾಯಿ ಸುಲಿಯುತ್ತ.

"ಆಮ್ಯಾಕೆ ಅನ್ನೋ ಊರು ಎಲ್ಲೈತೆ? ಅಲ್ಲಿಗೆ ರೈಲೈತಾ?"

"ನೋಡ್ರಕ್ಕಾ, ಪೇಪರ್ನೋರ ಮುಂದೇನೂ ಬುಡಲ್ಲ ಇವ್ಳು."

ಗಂಡಸರು ಗಣಿಗೆ ಇಳಿದ ಮೇಲೆ ಬೂದಿಕೋಟೆಯ ಬಸ್ಸಿನಿಂದ ಕೋದಂಡಪ್ಪ ಬರುತ್ತಾರೆ. ಶ್ರೀರಾಮಪ್ಪನವರ ಗುಂಪಿನಲ್ಲೇ ಇದ್ದವರು, ನಿವೃತ್ತಿಯಾಗಿ ಎರಡು ವರ್ಷವಾಗಿದೆ. ಮುದ್ದೆ ಉಂಡು, ಬೆಂಚಿನ ಮೇಲೆ ಉದ್ದಕ್ಕೆ ಮಲಗಿ, ಮಧ್ಯಾಹ್ನದವರೆಗೆ ನಿದ್ದೆ ಮಾಡಿ ವಾಪಸು ಹೋಗುವುದು ಅವರ ಪದ್ಧತಿ. ಪಾಳಿ ಬದಲಾಗುವಾಗ ಕೂಗುವ ಸೈರನ್ನಿಗೆ ಇಲ್ಲಿಯವರು ಸಂಗು ಎನ್ನುತ್ತಾರೆ. ಸಂಗು ಕೇಳದ ಊರಲ್ಲಿ ಕೋದಂಡಪ್ಪನವರಿಗೆ ಕಣ್ಣು ಮುಚ್ಚುವುದಿಲ್ಲ.

"ಮನೆ ಎಂಗೈತಣ್ಣಾ?" ಎಂದು ಶ್ರೀರಾಮಪ್ಪ ಕೇಳುತ್ತಾರೆ.

"ಬೇಸಾಗೈತೆ ಕಣ್ಲಾ. ಮೂರಂಕಣ. ಎರಡಕ್ಕೆ ಬೀಗ ಆಕಿವ್ನಿ. ಒಬ್ನು ಎಷ್ಟ್ ಕಡೆ ಮನೀಕಳ್ಳಿ?" ಕೋದಂಡಪ್ಪ ಸಾರು ಕುಡಿದು ತಟ್ಟೆ ಕೆಳಗಿಡುತ್ತಾರೆ. "ಗೋಡೆ ಏಳಾ ಒತ್ಗೆ ನಮ್ಮೋಳು ಓಗ್ಬುಟ್ಲು. ತಿರುಪ್ತಿಗೆ ಓಗಾಣ ಅಂತಿದ್ಲು. ಸೂರು ಆಗ್ಲಿ ಇರಮ್ಮಿ ಅಂದಿದ್ದೆ."

ಹೇಳಿದಷ್ಟೇ ಸಲೀಸಾಗಿ ಅವರು ಬೆಂಚಿನ ಮೇಲೆ ಮಗ್ಗುಲಾಗುತ್ತಾರೆ. ಗೊರಕೆ ಶುರುವಾಗುತ್ತದೆ. ಶ್ರೀರಾಮಪ್ಪನವರ ಕೈಯಲ್ಲಿ ಅವರೆಕಾಯಿ ಹಾಗೇ ಉಳಿದಿದೆ. ಮುತ್ಯಾಲಮ್ಮ ಒಲೆಯ ಬೂದಿ ತೆಗೆಯುತ್ತಾರೆ.

ಶ್ರೀರಾಮಪ್ಪ ಆ ಕಾಯನ್ನು ಸುಲಿದು ಮುಗಿಸುತ್ತಾರೆ. "ಆ ಕಾರ್ಡು ಬರ್ಸಿಬುಡಾಣ. ಇಲ್ಲಿ ಡಬ್ಬೀಗ್ ಆಕಿದ್ರೆ ನಿಧಾನ. ಬಂಗಾರಪೇಟೆ ಸ್ಟೇಸನ್ ಡಬ್ಬೀಗ್ ಆಕಿದ್ರೆ ಬ್ಯಾಗ ಓಯ್ತದೆ. ಸನಿವಾರ ಪಾಳಿ ಬದ್ಲಾಯ್ಸ್ಕಂತೀನಿ, ಓಗಾಣ."

"ಒಂದ್ ಕಾರ್ಡು ಆಕಾಕೆ ಇಬ್ರು ಬೇಕಾ?"

"ಒಬ್ನೇ ಓದ್ರೆ ಓಟ್ಲಾಗೆ ಎದುರ್ಗೆ ಯಾರ್ ಕೂತ್ಕಂತಾರೆ?"

ಮುತ್ಯಾಲಮ್ಮ ಬೂದಿ ಕೈಯಲ್ಲೇ ಹಣೆ ಒರೆಸಿಕೊಳ್ಳುತ್ತಾರೆ. ಕಾರ್ಡು ಬರೆಯುವುದು ನನ್ನ ಪಾಲಿಗೆ ಬರುತ್ತದೆ. ನನ್ನ ಕೈ ನಿಧಾನ, ಅದು ಅವರಿಗೆ ಅನುಕೂಲವೇ. ಸಾಲಿಗೊಂದು ಜಗಳ ಮುಗಿಸಿ ಮುಂದಿನ ಸಾಲು ಹೇಳುತ್ತಾರೆ. ಕೊನೆಗೆ ಉಳಿದದ್ದು ಇಷ್ಟು:

"ತಮ್ಮ ಮುನಿನಾರಾಯಣಪ್ಪನಿಗೆ ಆಶೀರ್ವಾದ. ಎರಡಂಕಣ ಸಾಕು. ಮುಂದುಗಡೆ ರಸ್ತೆಗೆ ಮುಖವಾಗಿ ಒಂದು ಚಪ್ಪರ ಇರಲಿ, ನಿಮ್ಮತ್ತಿಗೆ ಅಲ್ಲೂ ಮುದ್ದೆ ಹಾಕುತ್ತಾಳಂತೆ. ಮಿಕ್ಕ ದುಡ್ಡು ಪೋಸ್ಟಾಫೀಸಿನಲ್ಲಿ ನಮ್ಮ ಹೆಸರಲ್ಲಿರುತ್ತದೆ. ಶನಿವಾರ ಸಂಜೆ ನಾವು ಮನೆಯಲ್ಲಿರುವುದಿಲ್ಲ. ಬರುವವರು ಭಾನುವಾರ ಬರಲಿ."

ಶನಿವಾರ ಬಂಗಾರಪೇಟೆಯ ಪ್ಲಾಟ್‌ಫಾರಂ ಮೇಲೆ ಸಂಜೆಯ ಗದ್ದಲ. ಶ್ರೀರಾಮಪ್ಪ ಕಾರ್ಡನ್ನು ಅಂಚೆ ಡಬ್ಬಿಯ ಬಾಯಿಗೆ ಅರ್ಧ ಇಟ್ಟು ಹೆಂಡತಿಯ ಕಡೆ ತಿರುಗುತ್ತಾರೆ.

"ಮೂರನೇ ಅಂಕಣ ಇದ್ದಿದ್ರೆ, ಮಗ್ಳು ಬಂದಾಗ..."

"ಮಗ್ಳು ನನ್ ಪಕ್ಕದಾಗೆ ಮನೀಕಂತಾಳೆ. ಬುಡಿ."

ಕಾರ್ಡು ಒಳಗೆ ಬೀಳುತ್ತದೆ.