ಹಾಲಿ, ಕಲ್ದಾರ ಮತ್ತು ನನ್ನ ನೆಗೆಣ್ಣಿ

ನನ್ನ ನೆಗೆಣ್ಣಿ ಗಂಗವ್ವನ ನಡುವಿನಲ್ಲಿ ಎರಡು ಚಂಚಿಗಳಿರುತ್ತಿದ್ದವು. ಎಲೆ ಅಡಿಕೆಗೊಂದು, ರೊಕ್ಕಕ್ಕೊಂದು ಎಂದು ನೀವು ತಿಳಿದರೆ ತಪ್ಪು. ಎರಡೂ ರೊಕ್ಕದವೇ. ಎಡಗಡೆಯದರಲ್ಲಿ ಹಾಲಿ, ಬಲಗಡೆಯದರಲ್ಲಿ ಕಲ್ದಾರ. ಹಾಲಿ ಎಂದರೆ ನಿಜಾಮನ ರಾಜ್ಯದ, ನಾವು ಮೊಗಲಾಯಿ ಎಂದು ಕರೆಯುತ್ತಿದ್ದ ಆ ಸೀಮೆಯ ನಾಣ್ಯ. ಕಲ್ದಾರ ಎಂದರೆ ನಮ್ಮ ಕಡೆಯ ಇಂಗ್ರೇಜಿ ಸರಕಾರದ್ದು. ನಮ್ಮ ತಿಳವಳ್ಳಿಯಲ್ಲಿ ಹಾಲಿ ರೊಕ್ಕ ಕೊಟ್ಟರೆ ಒಂದು ಹಿಡಿ ಉಪ್ಪೂ ಹುಟ್ಟುತ್ತಿರಲಿಲ್ಲ. ಆದರೂ ಆ ಎಡಗಡೆಯ ಚಂಚಿಯನ್ನು ಆಕೆ ಬಿಚ್ಚಿಟ್ಟದ್ದನ್ನು ನಾನು ಕಂಡಿಲ್ಲ. ಕೇಳಿದರೆ, "ರೊಕ್ಕಕ್ಕೂ ಒಂದು ಊರು ಇರತೈತ್ರಿ ಅಕ್ಕಾ. ನನ್ನೂರಿಂದು ನನ್ನ ಕೂಡ ಇರಲಿ ಬಿಡ್ರಿ," ಎನ್ನುತ್ತಿದ್ದಳು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಆಕೆಯನ್ನು ಕಂಡರೆ ಹೊಟ್ಟೆಕಿಚ್ಚು. ಆಗಲೂ ಇತ್ತು, ಈಗ ಇದನ್ನು ಬರೆಯುವಾಗಲೂ ಒಂದಿಷ್ಟು ಇದೆ. ನಾನು ಆ ಮನೆಯ ಹಿರಿಯ ಸೊಸೆ. ಸವಣೂರಿನವಳು, ಐದನೆಯ ಇಯತ್ತೆಯವರೆಗೆ ಓದಿದವಳು. ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಊರಲ್ಲಿ ಯಾರಿಗಾದರೂ ಕಾಗದ ಬಂದರೆ ನನ್ನ ಹತ್ತಿರ ತಂದು ಓದಿಸುತ್ತಿದ್ದರು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ನಾಲ್ಕೈದು ವರ್ಷ ಮೊದಲು ನನ್ನ ಮೈದುನನ ಹೆಂಡತಿಯಾಗಿ ಈ ಗಂಗವ್ವ ಬಂದಳು. ಕೊಪ್ಪಳದ ಆಚೆಯ ಒಂದು ಹಳ್ಳಿಯವಳು. ಎಣ್ಣೆಗಪ್ಪು ಮೈ, ಮುಂದಿನ ಒಂದು ಹಲ್ಲು ತುಸು ಮುರಿದಿತ್ತು. ಕರಿ ಅಕ್ಷರವೂ ಎಮ್ಮೆಯೂ ಅವಳಿಗೆ ಒಂದೇ. ಇಂಥವಳಿಂದ ನನಗೇನು ಆದೀತು ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಆರು ತಿಂಗಳಲ್ಲಿ ಆ ನಿಶ್ಚಿಂತೆ ಹಾರಿಹೋಯಿತು. ಗಂಗವ್ವ ಯಾವುದೇ ರೂಪಾಯಿಯನ್ನು ಹೊಸ್ತಿಲ ಕಲ್ಲಿನ ಮೇಲೆ ಕೆಡವಿ, ಕತ್ತನ್ನು ಒಂದು ಕಡೆ ವಾಲಿಸಿ, ಅದರ ದನಿ ಕೇಳುತ್ತಿದ್ದಳು. "ಇದು ಬೆಳ್ಳಿ ಅಲ್ರಿ ಅತ್ತಿ, ಸೀಸ ಕೂಡ್ಸ್ಯಾರ," ಎಂದರೆ ಮುಗಿಯಿತು, ಅದು ಸೀಸವೇ. ಬೆಣ್ಣೆ ಒಯ್ದವನು ಕೊಟ್ಟ ಒಂದು ಖೊಟ್ಟಿ ರೂಪಾಯಿಯನ್ನು ಹೀಗೆ ಹಿಡಿದುಕೊಟ್ಟ ಮೇಲೆ ನಮ್ಮ ಅತ್ತೆ ಮನೆಗೆ ಬಂದ ಪ್ರತಿ ನಾಣ್ಯವನ್ನೂ ಕಿರಿಯ ಸೊಸೆಯ ಕಿವಿಗೆ ಒಪ್ಪಿಸತೊಡಗಿದರು. ಸಂತೆಯ ರೊಕ್ಕವೂ ಅವಳ ಕೈಗೆ ಹೋಯಿತು. ನನ್ನ ಮುಕ್ಕಾಲಿನ ಮಗ್ಗಿಯನ್ನು ಕೇಳುವವರು ಯಾರೂ ಉಳಿಯಲಿಲ್ಲ.

ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ನಮ್ಮಲ್ಲಿ ಕಿರಿಯ ಸೊಸೆ ಬಾವನ ಎದುರಿಗೆ ಮಾತನಾಡುವಂತಿಲ್ಲ. ನನ್ನ ಗಂಡ ಪಡಸಾಲೆಗೆ ಬಂದರೆ ಗಂಗವ್ವ ತಲೆಯ ಮೇಲಿನ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು. ಏನಾದರೂ ಹೇಳುವುದಿದ್ದರೆ ನನ್ನ ಕಿವಿಯಲ್ಲಿ ಹೇಳಬೇಕು, ನಾನು ಅವರಿಗೆ ಮುಟ್ಟಿಸಬೇಕು. ಅವಳ ಜಾಣತನವನ್ನೆಲ್ಲ ಹೊತ್ತೊಯ್ದು ನನ್ನ ಗಂಡನ ಮುಂದೆ ಇಡುವ ಕೆಲಸ ನನ್ನದಾಯಿತು. ಬೇರೆ ಯಾವ ಹೆಣ್ಣಿಗೆ ಇಂಥ ಚಾಕರಿ ಬಂದಿದ್ದೀತು, ನೀವೇ ಹೇಳಿ.

ಗಂಗವ್ವನ ತಮ್ಮನ ಮದುವೆ ಬಂತು. ಬೀಗರ ಮನೆಯ ಮದುವೆ, ಹೋಗದಿದ್ದರೆ ನಡೆಯದು. ಮಾವನಿಗೂ ಮೈದುನನಿಗೂ ಹೊಲದ ಕೆಲಸ. ಹಾಗಾಗಿ ಅತ್ತೆ, ನನ್ನ ಗಂಡ, ನಾನು ಮತ್ತು ಗಂಗವ್ವ ಹೊರಟೆವು. ಹಾವೇರಿಯವರೆಗೆ ಚಕ್ಕಡಿ, ಅಲ್ಲಿಂದ ರೈಲು. ಹುಬ್ಬಳ್ಳಿ, ಗದಗ ದಾಟಿ ಮೊಗಲಾಯಿಯ ನೆಲದಲ್ಲಿ ಇಳಿದಾಗ ಮಣ್ಣು ಅದೇ, ಮಾತು ಅದೇ. ಜೋಳದ ಹೊಲವೂ ನಮ್ಮದರಂತೆಯೇ ಇತ್ತು. ಪರದೇಶವೆಂದರೆ ಇಷ್ಟೇಯೇ ಎಂದುಕೊಂಡೆ.

ಸ್ಟೇಶನ್ನಿನ ಹೊರಗೆ ಟಾಂಗಾದವನು ಎಂಟಾಣೆ ಕೇಳಿದ. ನನ್ನ ಗಂಡ ಕಿಸೆಗೆ ಕೈ ಹಾಕಿದರು. ಗಂಗವ್ವ ನನ್ನ ಮೊಣಕೈ ಹಿಂಡಿದಳು. "ಅಕ್ಕಾ, ಬಾವಾರಿಗೆ ಹೇಳ್ರಿ. ಯಾವ ಎಂಟಾಣಿ ಅಂತ ಮೊದಲ ಕೇಳ್ರಿ ಅಂತ."

ನಾನು ಹೇಳಿದೆ. ಅವರು ಕೇಳಿದರು. ಟಾಂಗಾದವನು ನಕ್ಕುಬಿಟ್ಟ. "ಹಾಲಿ ಎಂಟಾಣಿ ಸಾಹೇಬ್ರ. ನೀವು ಕಲ್ದಾರ ಕೊಟ್ರ ನಾ ಏನ್ ಬ್ಯಾಡ ಅಂತೇನೇನ್ರಿ?"

ಒಂದು ಕಲ್ದಾರ ರೂಪಾಯಿಗೆ ಒಂದು ಹಾಲಿ ರೂಪಾಯಿ, ಮೇಲೆ ಎರಡಾಣೆಗಿಂತ ತುಸು ಹೆಚ್ಚು ಬರುತ್ತಿತ್ತು. ಅಂದರೆ ಆ ಸೀಮೆಯಲ್ಲಿ ನಮ್ಮ ರೊಕ್ಕ ಕೊಬ್ಬುತ್ತಿತ್ತು. ಸರಾಫನ ಕಟ್ಟೆಯಲ್ಲಿ ಐದು ರೂಪಾಯಿ ಮುರಿಸಿದಾಗ ನನ್ನ ಗಂಡ ಚಾರಮಿನಾರದ ಚಿತ್ರವಿದ್ದ ಆ ನಾಣ್ಯಗಳನ್ನು ಅಂಗೈಯಲ್ಲಿ ಹಿಡಿದು ಹುಡುಗನ ಹಾಗೆ ಹಿಗ್ಗಿದರು. ನಾನು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಲೆಕ್ಕ ಹೇಳಿದೆ, ಪೈ ಕೂಡ ತಪ್ಪದಂತೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಜವಳಿ ಅಂಗಡಿಯಲ್ಲಿ ಅತ್ತೆ ತಮಗೊಂದು ಸೀರೆ ಆರಿಸಿದರು. ಅಂಗಡಿಯವನು ನಮ್ಮ ಉಡಿಗೆ ತೊಡಿಗೆ ನೋಡಿ ಒಂಬತ್ತು ರೂಪಾಯಿ ಎಂದ. ಗಂಗವ್ವ ಈ ಸಲ ನನ್ನ ಕಿವಿಗೆ ಬರಲಿಲ್ಲ. ಅಂಗಡಿಯವನೇನು ಬಾವನಲ್ಲವಲ್ಲ. "ಯಪ್ಪಾ, ನಾ ಇದ ಸೀಮಿ ಮಗಳು. ಹೆಣ್ಣು ಕೊಟ್ಟ ಮನಿಯಾರಿಗೆ ಕಲ್ದಾರ ದರ ಹೇಳಿದ್ರ ನಮ್ಮೂರ ಮಾನ ಏನ್ ಉಳೀತು?" ಎಂದು ಮುರುಕು ಹಲ್ಲು ತೋರಿಸಿ ನಕ್ಕಳು. ಆತ ಒಂಬತ್ತನ್ನು ಹಾಲಿಗೆ ಇಳಿಸಿದ. ಮೇಲೊಂದು ಕುಪ್ಪಸದ ಕಣ ಕೊಟ್ಟ. ಅತ್ತೆ ಅಲ್ಲಿಯೇ ಅವಳ ಗದ್ದ ಹಿಡಿದು ಲಟಿಗೆ ಮುರಿದರು.

ನನ್ನ ಗಂಡ ನನ್ನತ್ತ ತಿರುಗಿ, "ಓದಿದಾಕಿ ಕಂಬದಂಗ ನಿಂತಾಳ, ಓದಲಾರದಾಕಿ ವ್ಯಾಪಾರ ಮಾಡಾಕತ್ತಾಳ ನೋಡು!" ಎಂದು ನಕ್ಕರು.

ಅವರು ಚೇಷ್ಟೆಗೆ ಅಂದದ್ದು. ಆದರೆ ಅಂಗಡಿಯವನೂ ನಕ್ಕ, ಅತ್ತೆಯೂ ನಕ್ಕರು. ಮದುವೆಯ ಹೋಳಿಗೆ ನನ್ನ ಬಾಯಿಗೆ ಮಣ್ಣಾಯಿತು. ಎರಡು ದಿನ ಅದೊಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ನನ್ನ ಗಂಡ ಪೇಟೆಗೆ ಹೊರಟಿದ್ದರು. ಉಳಿದ ರೊಕ್ಕವನ್ನೂ ಮುರಿಸಿ ಹಿತ್ತಾಳೆಯ ಹಂಡೆ ಕೊಳ್ಳುವ ಹುಮ್ಮಸ್ಸು ಅವರಿಗೆ. ಗಂಗವ್ವ ತವರಿನ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಅಕ್ಕಾ, ಬಾವಾರಿಗೆ ಮರೀದ ಹೇಳ್ರಿ. ಟಿಕೀಟಿಗೆ ಬೇಕಾಗೋವಷ್ಟು ಕಲ್ದಾರ ತಗದಿಡ್ರಿ ಅಂತ. ರೈಲಿನವ್ರು ಹಾಲಿ ಮುಟ್ಟಂಗಿಲ್ರಿ."

"ಹೇಳತೇನಿ," ಎಂದೆ.

ಹೇಳಲಿಲ್ಲ. ಅಂಗಳದಲ್ಲಿ ಅವರು ಚಪ್ಪಲಿ ಮೆಟ್ಟುತ್ತಿದ್ದರು. ನಾನು ಹತ್ತು ಹೆಜ್ಜೆ ನಡೆದರೆ ಆಗುತ್ತಿತ್ತು. ಆ ಸ್ಟೇಶನ್ನು ಇರುವುದು ಮೊಗಲಾಯಿಯ ನೆಲದ ಮೇಲೆ, ಅಲ್ಲಿಯ ರೊಕ್ಕ ಅಲ್ಲಿಯೇ ನಡೆಯದಿರುತ್ತದೆಯೇ ಎಂದು ನನಗೆ ನಾನೇ ವಾದ ಹೂಡಿದೆ. ಅದು ನೆವ. ಒಂದು ಸಲವಾದರೂ ಅವಳ ಮಾತಿಲ್ಲದೆ ಈ ಮನೆಯ ಕೆಲಸ ನಡೆಯಲಿ ಎಂಬುದು ನನ್ನ ಆಸೆಯಾಗಿತ್ತು. ಅವಳ ಇನ್ನೊಂದು ಮಾತನ್ನು ಹೊರುವ ಮನಸ್ಸು ನನಗಿರಲಿಲ್ಲ.

ಮರುದಿನ ನಡುಮಧ್ಯಾಹ್ನ ಸ್ಟೇಶನ್ನಿನಲ್ಲಿ ಟಿಕೀಟಿನವನು ಕಿಂಡಿಯಿಂದ ನಾಣ್ಯಗಳನ್ನು ಹಿಂದಕ್ಕೆ ನೂಕಿದ. "ನೆಲ ನಿಜಾಮಂದು, ರೈಲು ಆ ಕಡೀದು. ಕಲ್ದಾರ ಕೊಡ್ರಿ," ಎಂದ. ಸರಾಫನ ಕಟ್ಟೆ ದೂರ ಉಳಿಯಿತು. ರೈಲು ಹಿಂದಿನ ಸ್ಟೇಶನ್ನು ಬಿಟ್ಟ ಗಂಟೆ ಹೊಡೆಯಿತು. ನನ್ನ ಗಂಡ ಕಿಸೆಗಳನ್ನೆಲ್ಲ ತಡಕಾಡಿದರು. ಗಂಗವ್ವ ಬಲಗಡೆಯ ಚಂಚಿ ಬಿಚ್ಚಿ ಇದ್ದದ್ದನ್ನೆಲ್ಲ ಅತ್ತೆಯ ಉಡಿಗೆ ಸುರುವಿದಳು. ಅದು ಎರಡು ಟಿಕೀಟಿಗೂ ಸಾಲಲಿಲ್ಲ. ಇಂಥವರಿಗಾಗಿಯೇ ಕಾಯುತ್ತ ಬೇವಿನ ಗಿಡದ ಬುಡದಲ್ಲಿ ಕೂತಿದ್ದ ಒಬ್ಬ, ಅರ್ಧಕ್ಕರ್ಧ ದರಕ್ಕೆ ನಮ್ಮ ಹಾಲಿಯನ್ನು ಕೊಂಡ. ಅದೂ ಸಾಲದೆ ಅತ್ತೆಯ ಹೊಸ ಸೀರೆಯನ್ನು ಅವನಿಗೇ ಬಿಟ್ಟು ಬರಬೇಕಾಯಿತು.

ರೈಲಿನಲ್ಲಿ ಕೂತ ಮೇಲೆ ಅತ್ತೆ ಗಂಗವ್ವನ ಮೇಲೆ ಹರಿಹಾಯ್ದರು. "ನಿನ್ನ ತವರ ಸೀಮಿ. ಹಾಲಿ ನಡಿಯಂಗಿಲ್ಲ ಅನ್ನೋದು ನಿಂಗ ಗೊತ್ತಿರಲಿಲ್ಲೇನ? ಯಾಕ ಬಾಯಿ ಬಿಡಲಿಲ್ಲ?"

ಗಂಗವ್ವ ನನ್ನ ಮುಖ ನೋಡಿದಳು. ಒಂದೇ ಸಲ. ನಾನು ಕಿಟಕಿಯ ಹೊರಗೆ ನೋಡತೊಡಗಿದೆ.

"ಮದುವಿ ಗದ್ದಲದಾಗ ಮರತ್ನಿರಿ ಅತ್ತಿ," ಎಂದಳು.

ಮರೆತದ್ದಕ್ಕೆ ಬೈಗುಳ ಸಾಕಿತ್ತು. ಆದರೆ ಮಾತು ಅಷ್ಟಕ್ಕೆ ನಿಲ್ಲಲಿಲ್ಲ. ಬೇವಿನ ಗಿಡದ ಬುಡದವನು ಅವಳ ಊರಿನವನೇ ಇರಬೇಕು, ತವರಿನವರಿಗೆ ನಮ್ಮ ರೊಕ್ಕ ಹೊಡೆದುಕೊಟ್ಟಳು ಎಂದು ಅತ್ತೆಯ ತಲೆಯಲ್ಲಿ ಕೂತುಬಿಟ್ಟಿತು. ಸಂತೆಯ ರೊಕ್ಕ ನನ್ನ ಕೈಗೆ ಬಂತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಮೊದಲ ವಾರ ಹಾನಗಲ್ಲ ಸಂತೆಗೆ ಹೋದಾಗ ಪಟ್ಟದ ರಾಣಿಯ ಹಾಗೆ ನಡೆದೆ.

ಆ ವರ್ಷ ಪಂಚಮಿಗೆ ಅವಳ ತಮ್ಮ ಕರೆಯಲು ಬಂದ. ಅತ್ತೆ ಅವನಿಗೆ ನೀರು ಕೊಟ್ಟರು, ಊಟ ಹಾಕಿದರು. "ಆ ಸೀಮಿ ಸಹವಾಸ ನಮಗ ಸಾಕಪಾ," ಎಂದು ಹಾಗೆಯೇ ಕಳಿಸಿದರು. ಮರುವರ್ಷವೂ ಹಾಗೆಯೇ. ಮೂರನೆಯ ವರ್ಷ ಆತ ಬರಲೇ ಇಲ್ಲ. ಊರ ಹುಡುಗಿಯರು ಜೋಕಾಲಿಯಾಡುವಾಗ ಗಂಗವ್ವ ಹಿತ್ತಲಲ್ಲಿ ಸಗಣಿಯ ಕುಳ್ಳು ಬಡಿಯುತ್ತಿದ್ದಳು. ನಾನು ಒಂದು ಮಾತು ಹೇಳಿದ್ದರೆ ಅವಳು ತವರಿಗೆ ಹೋಗಿ ಬರುತ್ತಿದ್ದಳು. ಹೇಳಿದರೆ ಸಂತೆಯ ರೊಕ್ಕ ಹೋಗುತ್ತದೆ, ಗಂಡ ನೋಡುವ ನೋಟ ಬದಲಾಗುತ್ತದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ವರ್ಷಗಳು ಕಳೆದವು. ಅವಳು ಮಾತ್ರ ಎಂದಿನಂತೆ ನನ್ನ ತಲೆಗೆ ಎಣ್ಣೆ ಒತ್ತುತ್ತಿದ್ದಳು, ಊರ ಸುದ್ದಿ ಹೇಳಿ ನಗಿಸುತ್ತಿದ್ದಳು. ಆ ನಗು ಕೂಡ ನನಗೆ ಸಹಿಸಲಾಗುತ್ತಿರಲಿಲ್ಲ. ಇವಳಿಗೆ ಸಿಟ್ಟಾದರೂ ಯಾಕೆ ಬರುವುದಿಲ್ಲ ಎಂದು ಒಳಗೇ ಕುದಿಯುತ್ತಿದ್ದೆ.

ಯುದ್ಧದ ವರ್ಷಗಳಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಮೈದುನನ ಪಾಲಿಗೆ ಹಿರೇಕೆರೂರು ಕಡೆಯ ಅಬಲೂರಿನ ಹೊಲ ಬಂತು. ಚಕ್ಕಡಿಗೆ ಸಾಮಾನು ಹೇರುತ್ತಿದ್ದಾಗ ನಾನು ಗಂಗವ್ವನನ್ನು ದನದ ಕೊಟ್ಟಿಗೆಗೆ ಕರೆದೊಯ್ದೆ.

"ಗಂಗವ್ವಾ, ಆವತ್ತ ನೀ ಹೇಳಿದ್ದನ್ನ ನಾ ಅವರಿಗೆ ಮುಟ್ಟಿಸಲಿಲ್ಲ."

"ಗೊತ್ತೈತ್ರಿ ಅಕ್ಕಾ."

"ಮತ್ತ ಯಾಕ ಸುಮ್ಮಿದ್ದಿ? ನಿನ್ನ ತವರ ತಪ್ಪಿತಲ್ಲ."

ಆಕೆ ಎಮ್ಮೆಯ ಕೊರಳು ಸವರಿದಳು. "ಬಾವಾರ ಕೂಡ ಮಾತಾಡಾಂಗಿಲ್ಲ. ಮಾವಾರ ಮುಂದ ನಿಲ್ಲಾಂಗಿಲ್ಲ. ಅತ್ತಿಯಾರಿಗೆ ಅಂಜಿಕಿ. ಈ ಮನ್ಯಾಗ ನಾ ಬಾಯಿ ಬಿಚ್ಚಿ ಮಾತಾಡೋದು ನಿಮ್ಮೊಬ್ಬರ ಕೂಡನ. ನಿಮ್ಮನ್ನ ಹಿಡಕೊಟ್ಟಿದ್ರ ನಾ ಯಾರ ಕೂಡ ಮಾತಾಡ್ಲಿರಿ?"

ನಾನು ಕಣ್ಣೀರಿಟ್ಟೆನೆಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನನಗೆ ಮೊದಲು ಬಂದದ್ದು ಅಳುವಲ್ಲ, ಅದೇ ಹಳೆಯ ಉರಿ. ಇಷ್ಟು ದೊಡ್ಡ ಮನಸ್ಸನ್ನೂ ದೇವರು ಇವಳಿಗೇ ಕೊಟ್ಟನಲ್ಲ ಎಂದು. ಅತ್ತೆಗೂ ಗಂಡನಿಗೂ ನಿಜ ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಚಕ್ಕಡಿ ಊರು ದಾಟಿದ ಮೇಲೆ ಆ ಮಾತನ್ನೂ ಮುಂದಕ್ಕೆ ಹಾಕಿದೆ.

ಎರಡು ವರ್ಷವಾಗಿರಬೇಕು. ಅಬಲೂರಿನಿಂದ ಆಳು ಬಂದ. ನಾಲ್ಕು ದಿನದ ಜ್ವರ, ಗಂಗವ್ವ ಹೋದಳು ಎಂದ. ನಾವು ಮುಟ್ಟುವ ಹೊತ್ತಿಗೆ ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಏರಿಸಿದ್ದರು. ತಲೆಯ ಮೇಲಿನ ಸೆರಗು ಹಿಂದೆ ಸರಿದಿತ್ತು. ನನ್ನ ಗಂಡ ಬಾಗಿಲಲ್ಲೇ ನಿಂತರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ಅವಳ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಇಷ್ಟು ಸಣ್ಣಾಕಿದ್ಲೇನ ಇಕಿ?" ಎಂದರು ಮೆಲ್ಲಗೆ. ಆಮೇಲೆ ತಮಗೆ ತಾವೇ ಎಂಬಂತೆ, "ಅದೊಂದು ಸಲ ಹೇಳೋದು ಮರತಳು ಅಂತ ಅವ್ವ ಕಡೀತನಕ ಕ್ಷಮಾ ಮಾಡಲಿಲ್ಲ," ಎಂದರು.

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮೈದುನ ಅವಳ ಪಕ್ಕದಲ್ಲಿ ನಿಂತಿದ್ದ. ಜ್ವರದ ಸುದ್ದಿ ಕೇಳಿ ಹೊರಟಿದ್ದ ಕೊಪ್ಪಳದ ಕಡೆಯ ಆ ತಮ್ಮನೂ ಬಂದಿದ್ದ.

"ಆಕಿ ಮರತಿರಲಿಲ್ಲ," ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ನಿಮಗ ಹೇಳಂತ ನನಗ ಹೇಳಿದ್ಲು. ನಾನ ಹೇಳಲಿಲ್ಲ. ಬೇಕಂತನ ಹೇಳಲಿಲ್ಲ."

ಗಂಡ ಹೊಡೆಯಬಹುದು, ಅತ್ತೆ ಮನೆಯಿಂದ ಹೊರಗೆ ಹಾಕಬಹುದು, ಆ ತಮ್ಮ ಮುಖಕ್ಕೆ ಉಗುಳಬಹುದು ಎಂದು ತಲೆ ತಗ್ಗಿಸಿ ನಿಂತೆ. ಏನೂ ಆಗಲಿಲ್ಲ. ತಲೆ ಎತ್ತಿ ನೋಡಿದರೆ ಯಾರೂ ನನ್ನ ಕಡೆ ತಿರುಗಿಯೇ ಇರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.