ಸೀಸ ಕರಗಿಸಿದ ಕಡಾಯಿ

ಹೋದ ತಿಂಗಳು ಇಲಿನಾಯ್‌ನ ಶಾಮ್‌ಬರ್ಗ್‌ನಲ್ಲಿ ಟೈರ್ ಅಂಗಡಿಯೊಂದರಲ್ಲಿ ನನ್ನ ಕಾರಿನ ಸರದಿಗಾಗಿ ಕಾಯುತ್ತ ಕೂತಿದ್ದೆ. ಚಕ್ರದ ಅಂಚಿಗೆ ಸಿಕ್ಕಿಸುವ ಬ್ಯಾಲೆನ್ಸಿಂಗ್ ತೂಕವೊಂದು ಕುರ್ಚಿಯ ಕೆಳಗೆ ಬಿದ್ದಿತ್ತು. ಅರ್ಧ ಬೆರಳುದ್ದದ ಬೂದು ತುಂಡು. ಎತ್ತಿಕೊಂಡು ಉಗುರಿನಿಂದ ಗೀರಿದೆ, ಗೀರು ಬೀಳಲಿಲ್ಲ. ಉಕ್ಕು. ಸೀಸವಾಗಿದ್ದರೆ ಬೆಳ್ಳಿಯಂಥ ಗೆರೆ ಮೂಡಬೇಕಿತ್ತು. ಈ ಪರೀಕ್ಷೆಯನ್ನು ನನಗೆ ಕಲಿಸಿದವರು ತೀರಿಕೊಂಡರೆಂದು ಅದಕ್ಕೆ ಮೂರು ವಾರ ಮೊದಲು ಡೆಟ್ರಾಯ್ಟ್ ಕಡೆಯ ಹಳೆಯ ವಾಟ್ಸಾಪ್ ಗುಂಪಿನಲ್ಲಿ ಓದಿದ್ದೆ. ಓದಿ, ಎಲ್ಲರಂತೆ ಕೈ ಮುಗಿದ ಚಿತ್ರ ಹಾಕಿ, ಸುಮ್ಮನಾಗಿದ್ದೆ.

ಅವರು ನಮಗೆ ಪಕ್ಕದ ಮನೆಯ ಅಂಕಲ್. ಹತ್ತು ವರ್ಷದ ಹಿಂದಿನ ಮಾತು, ಹನ್ನೊಂದೂ ಇರಬಹುದು. ಆನ್ ಆರ್ಬರ್‌ನಲ್ಲಿ ಪಿಎಚ್‌ಡಿ ಮುಗಿಸಿ ಅಲ್ಲೇ ಒಂದು ಲ್ಯಾಬಿನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದೆ. ಬಾಡಿಗೆ ಕಡಿಮೆಯೆಂದು ಡೆಟ್ರಾಯ್ಟ್ ದಿಕ್ಕಿಗೆ ಇಪ್ಪತ್ತು ಮೈಲಿ ಸರಿದು ಒಂದು ಟೌನ್‌ಹೌಸ್ ಹಿಡಿದಿದ್ದೆವು. ಅವರದ್ದೂ ನಮ್ಮದೂ ಒಂದೇ ಗೋಡೆ. ವಿಜಯಪುರದ ಕಡೆಯವರು, ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರ್, ಐವತ್ತು ದಾಟಿದ ವಯಸ್ಸು. ಆಂಟಿ ಆಸ್ಪತ್ರೆಯಲ್ಲಿ ನರ್ಸ್, ವಾರಾಂತ್ಯ ಅವರಿಗೆ ಡ್ಯೂಟಿ. ಅಂಕಲ್‌ಗೆ ಶನಿವಾರವೆಂದರೆ ಶೂಟಿಂಗ್ ಕ್ಲಬ್ಬು. ಕಾಗದದ ಗುರಿಗೆ ಗುಂಡು ಹೊಡೆಯುವುದು ಬಿಟ್ಟರೆ ಬೇರೆ ಚಟವಿರಲಿಲ್ಲ. ಬೇಟೆಯ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುವ ಪಕ್ಕಾ ಸಸ್ಯಾಹಾರಿ.

ಆ ವರ್ಷ ಅಂಗಡಿಗಳಲ್ಲಿ ತೋಟಾ ಸಿಗುವುದು ಕಷ್ಟವಾಯಿತು, ಸಿಕ್ಕರೂ ದುಬಾರಿ. ಅವರು ಗ್ಯಾರೇಜಿನಲ್ಲೇ ಗುಂಡು ಎರಕ ಹೊಯ್ಯಲು ಶುರು ಮಾಡಿದರು. ಅಚ್ಚು, ಒಲೆ ಎಲ್ಲ ಒಮ್ಮೆ ಕೊಂಡರೆ ಮುಗಿಯಿತು. ಮುಗಿಯದ್ದು ಸೀಸದ ಹುಡುಕಾಟ. ಹೊಸ ಸೀಸ ಕೊಂಡು ಎರಕ ಹೊಯ್ದರೆ ಅಂಗಡಿಯ ಗುಂಡಿಗಿಂತ ಏನೂ ಅಗ್ಗವಾಗುವುದಿಲ್ಲ, ಆದ್ದರಿಂದ ಯಾರಿಗೂ ಬೇಡವಾದ ಸೀಸ ಬೇಕು. ಮೊದಮೊದಲು ಟೈರ್ ಅಂಗಡಿಯವರು ಒಂದು ಡಬ್ಬಿ ಡೋನಟ್ ಒಯ್ದರೆ ಹಳೆಯ ತೂಕಗಳನ್ನು ಬಕೆಟ್ಟುಗಟ್ಟಲೆ ಕೊಡುತ್ತಿದ್ದರಂತೆ. ನಾನು ಜೊತೆಗೂಡುವ ಹೊತ್ತಿಗೆ ಆ ಬಕೆಟ್ಟುಗಳಲ್ಲಿ ಮುಕ್ಕಾಲು ಪಾಲು ಉಕ್ಕು ಮತ್ತು ಸತು ಬರತೊಡಗಿತ್ತು. ಸತುವಿನ ತುಂಡೊಂದು ಕಣ್ತಪ್ಪಿ ಸೇರಿದರೂ ಕರಗಿದ ಸೀಸ ಗಂಜಿಯಂತಾಗಿ ಕೆಡುತ್ತದೆ. ಹಾಗಾಗಿ ಒಂದೊಂದನ್ನೂ ಕಟಿಂಗ್ ಪ್ಲೇಯರ್‌ನಲ್ಲಿ ಕಚ್ಚಿ ನೋಡಬೇಕು. ಆ ಕೆಲಸ ನನ್ನದು.

"ಕಡೀರಿ ಪ್ರೊಫೆಸರ್ರ. ಸೀಸ ಇದ್ರ ಬೆಣ್ಣಿ ಕಡದಂಗ ಕಡೀತದ. ಸತು ಇದ್ರ ನಿಮ್ಮ ಥೀಸಿಸ್ ಇದ್ದಂಗ, ಎಷ್ಟ ತಿಣುಕಿದ್ರೂ ಒಳಗ ಹೋಗಂಗಿಲ್ಲ."

ನಾನು ಪ್ರೊಫೆಸರ್ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಹಾಗೆ ಕರೆಸಿಕೊಳ್ಳುವುದು ಆಗ ಹಿತವಾಗಿತ್ತು.

ಅವರೊಂದಿಗೆ ಎಲ್ಲೆಲ್ಲೋ ಅಲೆದೆ. ಹಳೆಯ ಮನೆ ಕೆಡವುತ್ತಿದ್ದ ಕಡೆ ಹೋಗಿ ಸೀಸದ ಪೈಪು ಕೇಳಿದೆವು. ಎಕ್ಸ್‌ರೇ ಕೋಣೆಯ ಗೋಡೆಯಿಂದ ಕಿತ್ತ ಸೀಸದ ಹಾಳೆ ಒಮ್ಮೆ ಸಿಕ್ಕಿತ್ತು, ಅಥವಾ ಸಿಗುತ್ತದೆಂದು ಅವರು ಹೇಳಿದ್ದಷ್ಟೇ ಇರಬಹುದು... ಸೇಂಟ್ ಕ್ಲೇರ್ ಸರೋವರದ ದಂಡೆಯಲ್ಲಿ ಒಬ್ಬ ಮುದುಕ ಒಡೆದ ಹಾಯಿದೋಣಿಯ ತಳಕ್ಕೆ ಭಾರಕ್ಕೆಂದು ಕೂಡಿಸಿದ್ದ ಸೀಸವನ್ನು ಕತ್ತರಿಸಿ ಮಾರುತ್ತಿದ್ದದ್ದಂತೂ ನಿಜ. ಬರುವಾಗ ನನ್ನ ಕಾರಿನ ಹಿಂಭಾಗ ನೆಲ ಮುಟ್ಟುವಷ್ಟು ಕುಸಿದಿತ್ತು, ಅಂಕಲ್ ಇಡೀ ದಾರಿ ನಗುತ್ತಿದ್ದರು.

ಸೀಸ ಮೈ ಸೇರಿದರೆ ವಿಷ, ಬಸಿರಿನ ಮಗುವಿಗೆ ಇನ್ನೂ ಅಪಾಯ. ಅದರ ವಿಷಯದಲ್ಲಿ ಅವರು ಅಜಾಗರೂಕರಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಕೈಗವಸು, ಮುಖಕ್ಕೆ ಮಾಸ್ಕು, ಎಂಥ ಚಳಿಯಲ್ಲೂ ತೆರೆದಿಟ್ಟ ಗ್ಯಾರೇಜ್ ಬಾಗಿಲು. ಕೈ ಎರಡೆರಡು ಸಲ ತೊಳೆಯದೆ ಚಹಾ ಮುಟ್ಟುತ್ತಿರಲಿಲ್ಲ. ಬಸುರಿಯಾಗಿದ್ದ ನನ್ನ ಹೆಂಡತಿ ಗ್ಯಾರೇಜಿನ ಹತ್ತಿರ ಬಂದರೆ ದೂರದಿಂದಲೇ ವಾಪಸ್ ಕಳಿಸುತ್ತಿದ್ದರು. ಗ್ಯಾರೇಜಿನ ಯಾವ ಸಾಮಾನೂ ಮನೆಯೊಳಗೆ ಬರಬಾರದೆಂಬುದು ಆಂಟಿಯ ಕಟ್ಟಪ್ಪಣೆ. ಹೊಲಸು ತೂಕಗಳನ್ನು ಮೊದಲ ಸಲ ಕರಗಿಸಿ ಕಸ ತೆಗೆಯಲು ಅವರು ಬಳಸುತ್ತಿದ್ದದ್ದು ದಪ್ಪ ಕಬ್ಬಿಣದ ಒಂದು ಕಡಾಯಿ. ಅವರ ತಾಯಿ ಹಿಂದೊಮ್ಮೆ ಊರಿಂದ ಕಳಿಸಿದ್ದು. ಆಂಟಿ ನಾನ್‌ಸ್ಟಿಕ್‌ಗೆ ಬದಲಾದ ಮೇಲೆ ಅದು ಗ್ಯಾರೇಜು ಸೇರಿತ್ತು.

ಆ ಚಳಿಗಾಲ ಆ ತಾಯಿಯೇ, ನಮ್ಮ ಬಾಯಲ್ಲಿ ಅಜ್ಜಿ, ಆರು ತಿಂಗಳ ವೀಸಾದಲ್ಲಿ ಬಂದರು.

ಅವರು ಬಂದ ಮರುವಾರದ ಶನಿವಾರ ದೋಣಿಯ ಸೀಸ ಕರಗಿಸಿದೆವು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಕೆಲಸ ಮುಗಿಯುವ ಹೊತ್ತಿಗೆ ಕಾರ್ಖಾನೆಯಿಂದ ಫೋನ್ ಬಂತು, ಅಂಕಲ್ ಹೊರಡಬೇಕಾಯಿತು. ಕಾರು ಹತ್ತುವಾಗ ಕೂಗಿ ಹೇಳಿದರು:

"ಎಲ್ಲಾ ಮ್ಯಾಲಿನ ಹಲಗಿ ಮ್ಯಾಲ ಇಡ್ರಿ. ಒಳಗ ಒಂದೂ ಒಯ್ಯಬ್ಯಾಡ್ರಿ ಮತ್ತ!"

ಸೌಟು, ಅಚ್ಚು ಹಲಗೆಗೆ ಹೋದವು. ಖಾಲಿ ಕಡಾಯಿ ಮಾತ್ರ ಇನ್ನೂ ಬಿಸಿಯಿತ್ತು. ಹಲಗೆ ಪ್ಲಾಸ್ಟಿಕ್ಕಿನದು. ನೆಲದ ಮೇಲೆಲ್ಲ ಕಾರಿನಿಂದ ಇಳಿದ ಹಿಮದ ನೀರು. ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಕಡಾಯಿಯನ್ನು ಗ್ಯಾರೇಜಿನ ಮೂಲೆಯಲ್ಲಿ ಇಟ್ಟಿಗೆಯ ಮೇಲಿಟ್ಟು ಮನೆಗೆ ಬರುತ್ತೇನೆ. ಇನ್ನೊಂದರಲ್ಲಿ ಗ್ಯಾರೇಜಿನಿಂದ ಅವರ ಮನೆಯೊಳಕ್ಕೆ ಹೋಗುವ ಬಾಗಿಲು ತೆರೆದು, ಒಳಗೆ ಎರಡೇ ಹೆಜ್ಜೆ ಇಟ್ಟು, ಬಟ್ಟೆ ಒಣಗಿಸುವ ಡ್ರೈಯರಿನ ತಗಡಿನ ಮೇಲೆ ಇಡುತ್ತೇನೆ. ಒಣಗಿದ ಜಾಗ, ಲೋಹದ ಮೇಲ್ಮೈ. ಆರಿದ ಮೇಲೆ ಅಂಕಲ್ ಎತ್ತಿಡುತ್ತಾರೆ... ತರ್ಕಬದ್ಧವಾಗಿದೆ. ತರ್ಕಬದ್ಧವಾಗಿರುವುದರಿಂದಲೇ ಅದನ್ನು ಆಮೇಲೆ ನಾನೇ ಕಟ್ಟಿಕೊಂಡಿರಬಹುದೆಂದು ಎಷ್ಟೋ ವರ್ಷ ವಾದಿಸಿಕೊಂಡೆ.

ಮರುದಿನ ಭಾನುವಾರ ಅವರ ಮನೆಗೆ ಕರೆದರು. ಬಿಸಿ ಬಿಸಿ ಮಿರ್ಚಿ ಭಜಿ. ನನ್ನ ಹೆಂಡತಿಗೆ ಆಗ ಐದನೇ ತಿಂಗಳು, ಖಾರಕ್ಕೆ ಹಾತೊರೆಯುತ್ತಿದ್ದಳು. ಅಜ್ಜಿ ಅವಳ ತಟ್ಟೆ ಖಾಲಿಯಾಗಲು ಬಿಡಲೇ ಇಲ್ಲ. ತಿಂದು ಕೈ ತೊಳೆಯುವಾಗ ಅಜ್ಜಿ ಹೆಮ್ಮೆಯಿಂದ ಮಗನಿಗೆ ಹೇಳಿದರು:

"ನೋಡೋ, ನಿನ್ನ ಹೆಂಡತಿ ಮೂಲಿಗೆ ಒಗದ ನನ್ನ ಕಡಾಯಿ. ಹುಣಸಿಹಣ್ಣು ಹಚ್ಚಿ ತಾಸುಗಟ್ಟಲೆ ತಿಕ್ಕೀನಿ. ಹೆಂಗ ಹೊಳೀತೈತಿ!"

ಅಂಕಲ್ ಒಲೆಯತ್ತ ನೋಡಿದರು. ನಾನೂ ನೋಡಿದೆ. ಅವರ ಮುಖ ನೆನಪಿಲ್ಲ, ಅವರ ಕೈಯಲ್ಲಿದ್ದ ಟವೆಲ್ ನೆಲಕ್ಕೆ ಬಿದ್ದದ್ದು ನೆನಪಿದೆ.

ಎಲ್ಲರ ರಕ್ತ ಪರೀಕ್ಷೆಯಾಯಿತು. ಫಲಿತಾಂಶಕ್ಕೆ ಕಾದ ನಾಲ್ಕು ದಿನ ನನ್ನ ಹೆಂಡತಿ ಸರಿಯಾಗಿ ಊಟ ಮಾಡಲಿಲ್ಲ. ಆ ಮನೆಯವರ ಹೆಸರೆತ್ತಿದರೆ ಸಿಡಿಯುತ್ತಿದ್ದಳು. ಎರಡನೇ ದಿನ ಅಂಕಲ್ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಎಂದು ಇಬ್ಬರೂ ಅನ್ನಲಿಲ್ಲ.

"ತಪ್ಪು ನಂದವ್ವಾ," ಎಂದರು ಅವಳಿಗೆ. "ಆ ಕಡಾಯಿ ಇಡಬೇಕಾದ ಕಡೆ ಇಡಲಿಲ್ಲ ನಾನು."

ನಾನು ಹೆಂಡತಿಯ ಹಿಂದೆ ನಿಂತಿದ್ದೆ. ಡ್ರೈಯರಿನ ಚಿತ್ರ ಆಗಲೇ ತಲೆಯಲ್ಲಿತ್ತೋ, ಆಮೇಲೆ ಬಂತೋ ಗೊತ್ತಿಲ್ಲ. ಏನೂ ಮಾತಾಡಲಿಲ್ಲವೆಂಬುದು ಗೊತ್ತು.

ಅವಳ ರಕ್ತದಲ್ಲಿ ಚಿಂತಿಸುವಂಥದ್ದೇನೂ ಇರಲಿಲ್ಲ, ಅಜ್ಜಿಯದ್ದೂ ಸರಿಯಿತ್ತು. ಅಂಕಲ್ ರಕ್ತದಲ್ಲಿ ಮಾತ್ರ ಸೀಸ ಸ್ವಲ್ಪ ಏರಿತ್ತಂತೆ, ಅದು ಭಜಿಯಿಂದಲ್ಲ, ಎರಕದ ಕೆಲಸದಿಂದ ಇರಬೇಕು. ಅವರು ಇದ್ದಬದ್ದ ಸೀಸವನ್ನೆಲ್ಲ ಕ್ಲಬ್ಬಿನ ಯಾರಿಗೋ ಕೊಟ್ಟುಬಿಟ್ಟರು. ಶನಿವಾರಗಳಲ್ಲಿ ಅವರ ಗ್ಯಾರೇಜ್ ಬಾಗಿಲು ಮುಚ್ಚಿರುತ್ತಿತ್ತು. ಆ ಮನೆ ಕಡೆ ತಲೆ ಹಾಕಿಯೂ ಮಲಗಬಾರದೆಂದು ನನ್ನ ಹೆಂಡತಿ ಅಂದಿದ್ದಳು, ನನಗೆ ಅದು ಅನುಕೂಲವೇ ಆಯಿತು. ಮಗಳು ಹುಟ್ಟಿದಾಗ ಅವರು ಕಳಿಸಿದ ಕುಂಚಿಗೆಯ ಪೊಟ್ಟಣಕ್ಕೆ ನಾವು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಬೇಸಿಗೆಯಲ್ಲಿ ಇಲಿನಾಯ್‌ಗೆ ಬಂದೆವು. ಆಮೇಲೆ ಮೂರು ಕೆಲಸ ಬದಲಿಸಿದೆ, ಎರಡು ಮನೆ. ಈಗ ಪ್ಲೇನ್‌ಫೀಲ್ಡ್‌ನಲ್ಲಿದ್ದೇವೆ. ಮಗಳು ಶಾಲೆಯ ಓಟದ ತಂಡದಲ್ಲಿದ್ದಾಳೆ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ತಕರಾರು ತೆಗೆಯುವಷ್ಟು ಗಟ್ಟಿಯಾಗಿದ್ದಾಳೆ.

ಟೈರ್ ಅಂಗಡಿಯಿಂದ ಹೊರಬಂದು ಕಾರಿನಲ್ಲೇ ಕೂತು ಆಂಟಿಗೆ ಫೋನ್ ಮಾಡಿದೆ. ನಂಬರ್ ಬದಲಾಗಿರಲಿಲ್ಲ. ಅಂಕಲ್‌ಗೆ ಹೃದಯದ ತೊಂದರೆಯಿತ್ತು, ಮಲಗಿದವರು ಏಳಲಿಲ್ಲ ಎಂದರು. ಸಮಾಧಾನದ ಮಾತೆಲ್ಲ ಹೇಳಿದ ಮೇಲೂ ನಾನು ಫೋನ್ ಇಡಲಿಲ್ಲ. ಕೊನೆಗೆ ಕೇಳಿಬಿಟ್ಟೆ. ಆ ಕಡಾಯಿ ಅಜ್ಜಿಗೆ ಎಲ್ಲಿ ಸಿಕ್ಕಿತ್ತು ಆಂಟಿ?

"ಡ್ರೈಯರ್ ಮ್ಯಾಲ," ಎಂದರು, ಯೋಚಿಸದೆ. "ನಿಮ್ಮ ಅಂಕಲ್ ಅವತ್ತ ಅವ್ವನ್ನ ಕೇಳಿದ್ರು."

ಹತ್ತು ವರ್ಷದ ನೆನಪು ಅವರದ್ದೂ ಅಲ್ಲವೇ ಎಂದು ಒಳಗೊಳಗೇ ವಾದ ಹೂಡಲು ನೋಡಿದೆ. ಅಷ್ಟರಲ್ಲಿ ಆಂಟಿ ಮುಂದುವರಿಸಿದರು.

"ನಿಮಗ ಹೇಳೋಣು ಅಂದೆ ನಾನು. ಬ್ಯಾಡ ಅಂದ್ರು. 'ಬಸುರಿ ಹೆಣ್ಮಗಳು, ಗಂಡನ ಮ್ಯಾಲ ಸಿಟ್ಟಾದ್ರ ಈ ದೇಶದಾಗ ಎಲ್ಲಿ ಹೋಗಬೇಕು ಆಕಿ? ನಮ್ಮ ಮ್ಯಾಲ ಆದ್ರ ಬಾಗಲಾ ಹಾಕ್ಕೊಂಡು ಕೂಡ್ತಾಳ, ಅಷ್ಟ' ಅಂದ್ರು. ಪ್ರೊಫೆಸರ್ರು ತಾವಾಗೇ ಬಂದು ಹೇಳ್ತಾರ ಬಿಡು ಅಂತಿದ್ರು. ಆಮ್ಯಾಲ ಅದನ್ನೂ ಅನ್ನೋದು ಬಿಟ್ರು."

ಅಂದು ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ಕೇಳಿಸಿಕೊಂಡಳು. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. "ನಂಬರ್ ಕೊಡು," ಎಂದಳು.

ಏನೆಂದು ಮಾತಾಡುತ್ತೀಯ ಎಂದು ಕೇಳಿದೆ.

"ಅವರನ್ನ ಬಾಗಿಲಲ್ಲಿ ನಿಲ್ಲಿಸಿ, ಆಂಟಿ ಜೊತೆಗೂ ಮಾತು ಬಿಟ್ಟೋಳು ನಾನಲ್ವಾ," ಎಂದು ಫೋನ್ ತೆಗೆದುಕೊಂಡು ಮಹಡಿ ಹತ್ತಿದಳು.

ಮುಚ್ಚಿದ ಕೋಣೆಯಿಂದ "ಆಂಟೀ, ನಾನು..." ಎಂಬಷ್ಟು ಕೇಳಿಸಿತು. ಮಾತು ಬಹಳ ಹೊತ್ತು ನಡೆಯಿತು, ನಡುವೆ ಒಮ್ಮೆ ಅವಳು ನಕ್ಕಳು ಕೂಡ. ನಾನು ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಮಾತಾಡಬೇಕಿದ್ದವರು ಇನ್ನೂ ಬದುಕಿದ್ದರು, ನಾನು ಮಾತಾಡಬೇಕಿದ್ದವರು ಇರಲಿಲ್ಲ.